ಇನ್ನೊಂದು ಕುದಿ

ಆ ಊರಿನಲ್ಲಿ ಹಾಲು ತಾನಾಗಿ ಹುಳಿಯಾಗುತ್ತಿರಲಿಲ್ಲ. ಎಷ್ಟು ದಿನ ಇಟ್ಟರೂ ಹಾಲು ಹಾಲಾಗಿಯೇ ಇರುತ್ತಿತ್ತು. ಒಂದು ಮನೆಯ ಮೊಸರನ್ನು ಇನ್ನೊಂದು ಮನೆಯ ಹಾಲಿಗೆ ಹಾಕಿದರೆ ಹಿಡಿಯುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಹೆಂಗಸರು ಸಂಜೆಯಾದರೆ ಬಟ್ಟಲು ಹಿಡಿದು, ‘ಒಂಚೂರು ಹೆಪ್ಪು ಇದ್ದರೆ ಕೊಡೇ’ ಎಂದು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತಾರೆ. ಆ ಊರಿನಲ್ಲಿ ಹಾಗೆ ಹೋಗಿ ಪ್ರಯೋಜನವಿರಲಿಲ್ಲ. ಉಪ್ಪು ಕೊಡಬಹುದಿತ್ತು. ಕೆಂಡ ಕೊಡಬಹುದಿತ್ತು. ಹೆಪ್ಪು ಕೊಡಲು ಬರುತ್ತಿರಲಿಲ್ಲ.

ಹೆಪ್ಪು ಬರುತ್ತಿದ್ದದ್ದು ಹೊಳೆಯಾಚೆಯಿಂದ, ಒಡೆಯನ ಮನೆಯಿಂದ. ಅದನ್ನು ತರುವವನೊಬ್ಬನಿದ್ದ. ಊರು ಅವನನ್ನು ಹೆಪ್ಪಿನವನು ಎನ್ನುತ್ತಿತ್ತು. ಎಡಗೈಯಲ್ಲಿ ಎಲೆಯ ದೊನ್ನೆ ಹಿಡಿದು, ಬಲಗೈಯನ್ನು ಹೊದ್ದ ಶಾಲಿನೊಳಗೆ ಇಟ್ಟುಕೊಂಡು ಬರುತ್ತಿದ್ದ. ಬರುವ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬರಬಹುದು, ಒಂದೇ ತಿಂಗಳಲ್ಲಿ ಎರಡು ಸಲ ಬರಬಹುದು. ಪ್ರತಿ ಬಾಗಿಲಲ್ಲೂ ನಿಂತು ಒಂದೇ ಮಾತು ಕೇಳುತ್ತಿದ್ದ:

“ಬೆರಳು ಇಡಬಹುದೇ?”

ಮನೆಯವರು “ಇಡಿ” ಎನ್ನಬೇಕು. ಅನ್ನದಿದ್ದರೆ ಅವನು ಇಡುತ್ತಿರಲಿಲ್ಲ. “ಇಡಿ” ಎಂದರೆ ಬೆರಳನ್ನು ದೊನ್ನೆಗೆ ತಾಕಿಸಿ, ಹಾಲಿನೊಳಗಿಟ್ಟು, ಒಂದು ಸಣ್ಣ ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಹಾಗೇ ಬಿಡುತ್ತಿದ್ದ. ಅಷ್ಟೇ. ಬೆಳಗಾದರೆ ಹಾಲು ಹೆಪ್ಪುಗಟ್ಟಿರುತ್ತಿತ್ತು. ಅಲ್ಲಿಂದಾಚೆ ಆ ಮನೆಯ ಇಂದಿನ ಮೊಸರು ಆ ಮನೆಯ ನಾಳಿನ ಹಾಲಿಗೆ ಹೆಪ್ಪಾಗುತ್ತಿತ್ತು.

ಸಾಯುವವರ ಬಾಯಿಗೆ ಅವರ ಮನೆಯ ಮೊಸರನ್ನೇ ಒಂದು ಚಮಚ ಹಾಕುತ್ತಿದ್ದರು. ಅದಕ್ಕೆ ದಾರಿಯ ತುತ್ತು ಎಂದು ಹೆಸರು. ಸಮಾಧಿಯ ತಲೆಯ ಕಡೆ ಮರದ ಶಿಲುಬೆ ನೆಡುವರು, ಕಾಲಿನ ಕಡೆ ಒಂದು ಮಣ್ಣಿನ ಬಟ್ಟಲು ಇಡುವರು. ತುತ್ತು ಸಿಕ್ಕವರ ಬಟ್ಟಲು ಆಕಾಶ ನೋಡುತ್ತಿರುತ್ತಿತ್ತು. ಸಿಗದವರ ಬಟ್ಟಲನ್ನು ಬೋರಲು ಹಾಕುತ್ತಿದ್ದರು. ಬೋರಲು ಬಟ್ಟಲಿನ ಮುಂದೆ ಯಾರೂ ಏನೂ ಆಡುತ್ತಿರಲಿಲ್ಲ. ಸುಮ್ಮನೆ ದಾಟಿಹೋಗುತ್ತಿದ್ದರು.

ಹಾಲನ್ನು ಹೆಪ್ಪಿಗೆ ಅಣಿಮಾಡುವ ವಿಧಿ ನಾಲ್ಕು ಮಾತಿನಲ್ಲಿತ್ತು. ಸಭೆಮನೆಯ ಬಾಗಿಲ ಕಲ್ಲಿನ ಮೇಲೆ ಅದನ್ನು ಕೆತ್ತಿದ್ದರು: ಕಾಯಿಸು. ಇಳಿಸು. ಮುಚ್ಚು. ಕಾದಿರು. ಏಳನೆಯ ದಿನಕ್ಕೊಮ್ಮೆ ಊರೆಲ್ಲ ಸೇರಿ, ಕೀರ್ತನೆ ಹಾಡಿ, ಕೊನೆಗೆ ಈ ನಾಲ್ಕು ಮಾತನ್ನು ಒಕ್ಕೊರಲಿನಿಂದ ಹೇಳಿ ಮನೆಗೆ ಹೋಗುತ್ತಿತ್ತು. ಹಿಂದೆ ನಾಲ್ಕು ಮಾತಿಗೆ ನಾಲ್ಕು ಜನ ಹಿರಿಯರಿದ್ದರು. ಇಳಿಸುವುದರ ಹಿರಿಯ ಸತ್ತ. ಮುಚ್ಚುವುದರ ಹಿರಿಯ ಸತ್ತ. ಕಾದಿರುವುದರ ಹಿರಿಯ ಯಾವಾಗ ಸತ್ತನೆಂದು ಯಾರಿಗೂ ಸರಿಯಾಗಿ ತಿಳಿಯಲೇ ಇಲ್ಲ. ಅವನದು ಮೊದಲೇ ಮಾತು ಕಡಿಮೆ. ಅವರ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಕುದಿಯುವ ಹಾಲನ್ನಾದರೆ ಹೋಗಿ ನೋಡಬಹುದು, ಅದರ ಸದ್ದು ಕೇಳಬಹುದು, ಸರಿ ತಪ್ಪು ಹೇಳಬಹುದು. ಕಾದಿರುವವನ ಬಳಿ ಹೋಗಿ ಪರೀಕ್ಷಿಸುವುದು ಏನನ್ನು? ಹೀಗೆ ಕಾಯಿಸುವುದರ ಹಿರಿಯನೊಬ್ಬನೇ ಉಳಿದ. ಊರು ಅವನನ್ನು ಬರೀ ಹಿರಿಯ ಎಂದು ಕರೆಯತೊಡಗಿತು.

ಈ ಕಥೆ ಆ ಹಿರಿಯನದು.

ಬೆಳಗಾದರೆ ಅವನು ಉದ್ದನೆಯ ಮರದ ಸೌಟು ಹಿಡಿದು ಬೀದಿಗಿಳಿಯುತ್ತಿದ್ದ. ಮನೆಮನೆಯ ಒಲೆಯ ಮುಂದೆ ನಿಂತು, “ಎಷ್ಟು ಕುದಿ ಬಂತು?” ಎಂದು ಕೇಳುತ್ತಿದ್ದ. ಸುಳ್ಳು ಹೇಳಿದವರನ್ನು ಕಣ್ಣಲ್ಲೇ ಹಿಡಿಯುತ್ತಿದ್ದ. ತನ್ನ ಮನೆಗೊಂದು, ಊರಿಗೊಂದು ಎಂಬ ಎರಡು ಬಗೆ ಅವನಲ್ಲಿರಲಿಲ್ಲ. ಒಮ್ಮೆ ನೇಕಾರಗಿತ್ತಿಯೊಬ್ಬಳು ತುತ್ತಿಲ್ಲದೆ ಸತ್ತ ಮಗನ ಬೋರಲು ಬಟ್ಟಲನ್ನು ಯಾರೂ ನೋಡದಾಗ ಅಂಗಾತ ಮಾಡಿಟ್ಟಿದ್ದಳು. ಹಿರಿಯ ಅವಳನ್ನು ಕರೆದುಕೊಂಡು ಹೋಗಿ, ಅವಳ ಕೈಯಿಂದಲೇ ಅದನ್ನು ಮತ್ತೆ ಬೋರಲು ಹಾಕಿಸಿದ. “ಇರುವುದು ಇರುವ ಹಾಗೆ ಕಾಣಬೇಕಮ್ಮ,” ಎಂದ. ಅವನ ದನಿಯಲ್ಲಿ ಕ್ರೌರ್ಯವಿರಲಿಲ್ಲ. ಅದೇ ಅವಳನ್ನು ಹೆಚ್ಚು ಅಳಿಸಿತು.

ಇದನ್ನು ಸರಿಯಾಗಿ ತಿಳಿಯಬೇಕು: ಹಿರಿಯ ಕಲಿಸುತ್ತಿದ್ದದ್ದು ಸುಳ್ಳಲ್ಲ. ಆ ಊರಿನಲ್ಲಿ ಹಸಿ ಹಾಲಿಗೆ ಬಿದ್ದ ಹೆಪ್ಪು ನಾರುತ್ತಿತ್ತು. ಒಲೆ ಹಚ್ಚಲು ಬೇಸರಪಟ್ಟು ಕೂತು, ಹೆಪ್ಪಿನವನು ಬಂದಾಗ ಕೈಕೈ ಹಿಸುಕಿಕೊಂಡ ಸೋಮಾರಿಗಳೂ ಅಲ್ಲಿದ್ದರು. ಬೆಂಕಿ ಬೇಕು. ಆದರೆ ಹಿರಿಯನ ಮನೆಯ ಒಲೆ ಮೂವತ್ತು ವರ್ಷದಿಂದ ಆರಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಅವನಿಗೊಬ್ಬ ಮಗಳಿದ್ದಳು. ಏಳು ವರ್ಷ ತುಂಬಿ ಎಂಟಕ್ಕೆ ಬಿದ್ದಿತ್ತು. ಮನೆಯ ಹೆಪ್ಪು ಮುಗಿದುಹೋಗಿದ್ದ ದಿನಗಳಲ್ಲೇ ಅವಳಿಗೆ ಜ್ವರ ಬಂತು. ಮೂರು ದಿನಕ್ಕೆ ಮಗು ಕಣ್ಣು ಮೇಲೆ ಮಾಡಿತು. ಆ ಹೊತ್ತಿಗೆ ಸರಿಯಾಗಿ ಹೆಪ್ಪಿನವನು ಬಾಗಿಲಿಗೆ ಬಂದ. “ಬೆರಳು ಇಡಬಹುದೇ?” ಎಂದು ಅವನು ಕೇಳುತ್ತಿದ್ದ ಹಾಗೇ ತಂದೆ ಅವನ ಕೈಯ ದೊನ್ನೆಯನ್ನು ಕಸಿದು ಅಷ್ಟನ್ನೂ ಹಾಲಿಗೆ ಬಗ್ಗಿಸಿದ. ಹಾಲು ಕಣ್ಣೆದುರೇ ಒಡೆಯಿತು. ಹಸಿರು ನೀರು ಒಂದು ಕಡೆ, ಬಿಳಿಯ ಚೂರು ಒಂದು ಕಡೆ. ಅದನ್ನು ಯಾರ ಬಾಯಿಗೂ ಹಾಕುವಂತಿರಲಿಲ್ಲ. ಪುಟ್ಟ ದಿಬ್ಬದ ಮೇಲೆ ಪುಟ್ಟ ಬಟ್ಟಲು ಬೋರಲು ಬಿತ್ತು.

ಹಾಲು ಒಡೆಯುವುದು ಕೊಳೆಯಿಂದ. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಪಾತ್ರೆಯಲ್ಲಿ ಎಲ್ಲೋ ಕೊಳೆಯಿತ್ತು, ಹಾಲಿನಲ್ಲಿ ಎಲ್ಲೋ ಕೊಳೆಯಿತ್ತು ಎಂದು ಹಿರಿಯ ನಿಶ್ಚಯಿಸಿದ. ಇನ್ನೊಂದು ಕುದಿ ಬಂದಿದ್ದರೆ ಅದು ಸುಟ್ಟುಹೋಗುತ್ತಿತ್ತು. ಇನ್ನೊಂದೇ ಒಂದು ಕುದಿ. ಅಂದಿನಿಂದ ಅವನ ಮನೆಯ ಒಲೆ ಆರಲಿಲ್ಲ. ಹಾಲು ಉಕ್ಕಿ ಬರುವುದು, ಅವನು ಸೌಟಿನಿಂದ ತಗ್ಗಿಸುವುದು. ಮತ್ತೆ ಉಕ್ಕುವುದು, ಮತ್ತೆ ತಗ್ಗಿಸುವುದು. ಹಾಲು ಇಂಗಿದರೆ ಹೊಸ ಹಾಲು ಸುರಿಯುವುದು. ಗೋಡೆ ಕಪ್ಪಾಯಿತು. ಜಂತೆ ಕಪ್ಪಾಯಿತು. ಹೆಂಡತಿಯ ಕೂದಲಿಗೆ, ಸೀರೆಗೆ, ಉಸಿರಿಗೆ ಹೊಗೆಯ ವಾಸನೆ ಹತ್ತಿತು.

ಹೆಪ್ಪಿನವನು ಬರುವುದನ್ನು ಬಿಡಲಿಲ್ಲ. ಪ್ರತಿ ಸಲವೂ ಆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ:

“ಬೆರಳು ಇಡಬಹುದೇ?”

“ತಾಳಿ, ತಾಳಿ. ಇನ್ನೊಂದು ಕುದಿ ಬರಲಿ,” ಎಂದು ಹಿರಿಯ ಅವಸರದಿಂದ ತಿರುಗಿ, ಮೂಲೆಯ ರಾಶಿಯಿಂದ ಸೌದೆ ಆರಿಸುತ್ತಿದ್ದ. ಸೌದೆ ಹಿಡಿದು ಮತ್ತೆ ಒಲೆಯ ಕಡೆ ತಿರುಗುವಷ್ಟರಲ್ಲಿ ಹೆಪ್ಪಿನವನು ಹೋಗಿರುತ್ತಿದ್ದ. ಕಾಯಲಿಲ್ಲವಲ್ಲ ಎಂದು ಹಿರಿಯನಿಗೆ ನೋವಾಗುತ್ತಿತ್ತು. ನನ್ನ ಹಾಲು ಇನ್ನೂ ಯೋಗ್ಯವಾಗಿಲ್ಲ, ಅದಕ್ಕೇ ಹೋದ ಎಂದುಕೊಳ್ಳುತ್ತಿದ್ದ. ಒಲೆಗೆ ಇನ್ನೊಂದು ಕೊರಡು ಇಡುತ್ತಿದ್ದ.

ಎದುರುಮನೆಯಲ್ಲಿ ಒಬ್ಬ ಕುಂಬಾರಗಿತ್ತಿಯಿದ್ದಳು. ಊರಿಗೆಲ್ಲ ಮಡಕೆ ಮಾಡಿಕೊಡುವವಳು ಅವಳೇ. ಬಿಡದ ಬೆಂಕಿಗೆ ಹಿರಿಯನ ಮನೆಯ ಮಡಕೆಗಳು ತಳ ಸೀಳಿಕೊಳ್ಳುತ್ತಿದ್ದವು. ಹೊಸ ಮಡಕೆಗೆಂದು ಅವನು ಬೀದಿ ದಾಟಿದರೆ ಸಾಕು, ಅವಳು ಶುರುಮಾಡುತ್ತಿದ್ದಳು.

“ಬನ್ನಿ ಹಿರೇರೇ. ಮತ್ತೆ ತಳ ಹೋಯ್ತಾ? ಹಾಲು ಕಾಯಿಸ್ತೀರೋ, ಅದಕ್ಕೆ ಶಿಕ್ಷೆ ಕೊಡ್ತೀರೋ? ನಿಮ್ಮ ದೆಸೆಯಿಂದ ನನ್ನ ತಿಗರಿ ನಿಲ್ಲೋ ಹಾಗೇ ಇಲ್ಲ.”

“ನಿನ್ನ ಹಾಲು ಎಷ್ಟು ಕುದಿ ಬಂತು, ಅದು ಹೇಳು.”

“ಒಂದು.”

“ಒಂದೇ?”

“ಉಕ್ಕಿ ಬಂತು, ಇಳಿಸಿದೆ. ಮತ್ತೆ ಮತ್ತೆ ಉಕ್ಕೋದಕ್ಕೆ ಅದೇನು ನಮ್ಮೆಜಮಾನರ ಕೋಪವಾ?”

ಅವಳ ಹಾಲು ಕಿಟಕಿಯ ಕಟ್ಟೆಯ ಮೇಲೆ, ಹಳೆಯ ಸೀರೆಯ ತುಂಡು ಮುಚ್ಚಿಕೊಂಡು ಕೂತಿತ್ತು. ಪಕ್ಕದಲ್ಲಿ ಬೆಕ್ಕು ಮುದುರಿ ಮಲಗಿತ್ತು. ಹಿರಿಯನ ಹುಬ್ಬು ಗಂಟಾಯಿತು.

“ಬೆಕ್ಕು ಕೂತಿದೆಯಲ್ಲ!”

“ಕೂತಿರಲಿ ಬಿಡಿ. ಕಾದಿರೋದರ ಹಿರಿಯ ಈಗ ಅದೇ.”

ಅವಳು ನಗುತ್ತ ಕೈಯ ಮಣ್ಣು ತೊಳೆದು, ಬಟ್ಟೆ ಸರಿಸಿ, ಕಿರುಬೆರಳನ್ನು ಹಾಲಿನಲ್ಲಿಟ್ಟಳು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಬೆರಳನ್ನು ಎಳೆದುಕೊಳ್ಳಲಿಲ್ಲ. “ನನ್ನ ಬೆರಳು ತಾಳಿದರೆ ಅವನ ಬೆರಳೂ ತಾಳುತ್ತೆ. ನನಗೆ ಗೊತ್ತಿರೋದು ಇಷ್ಟೇ ನೋಡಿ,” ಎಂದಳು.

ಹಿರಿಯ ಮಡಕೆ ಎತ್ತಿಕೊಂಡು ಹೊರಟ. ಒಂದು ಕುದಿಯ ಹಾಲು, ಬೆಕ್ಕಿನ ಕಾವಲು, ಆದರೂ ಆ ಮನೆಯಲ್ಲಿ ಮೊಸರು ಗಟ್ಟಿ. ಒಡೆಯನ ದಯೆ ದೊಡ್ಡದು, ಏನೂ ತಿಳಿಯದವರನ್ನು ಹಾಗೇ ಸೈರಿಸಿಕೊಳ್ಳುತ್ತದೆ ಎಂದುಕೊಂಡ. ತಿಳಿದವನಿಗೆ ಆ ರಿಯಾಯಿತಿ ಇಲ್ಲ ಎಂದುಕೊಂಡ.

ಚಳಿಗಾಲದ ಕೊನೆಯಲ್ಲಿ ಹಿರಿಯನ ಹೆಂಡತಿ ಮಲಗಿದಳು. ಕೆಮ್ಮು ಅವಳಿಗೆ ಹೊಸದಲ್ಲ. ಈ ಸಲ ಅದು ಎದೆಯ ಗೂಡನ್ನೇ ಅಲ್ಲಾಡಿಸುತ್ತಿತ್ತು. ಹೊಗೆ ಕಡಿಮೆ ಇರಲೆಂದು ಅವಳ ಮಂಚವನ್ನು ನಡುಮನೆಯ ಬಾಗಿಲ ಬಳಿ ಹಾಕಿದರು. ಅಲ್ಲಿಂದ ಅವಳಿಗೆ ಒಲೆ ಕಾಣುತ್ತಿತ್ತು, ಒಲೆಯ ಮುಂದೆ ಕುಳಿತ ಗಂಡನ ಬೆನ್ನು ಕಾಣುತ್ತಿತ್ತು.

ಕುಂಬಾರಗಿತ್ತಿ ದಿನಕ್ಕೆರಡು ಸಲ ಬಂದು ಹೋಗುತ್ತಿದ್ದಳು. ಒಂದು ದಿನ ಸೆರಗಿನೊಳಗೆ ಮುಚ್ಚಿಕೊಂಡು ತನ್ನ ಮನೆಯ ಮೊಸರು ತಂದಳು. “ನಿಯಮ ಗೊತ್ತು ಅಕ್ಕಾ. ಆದರೂ ಒಂದು ಸಲ ನೋಡೋಣ, ಒಡೆಯನೇನು ಬೇರೆಯವನಾ?” ಎಂದು ಒಂದು ಬಟ್ಟಲು ಹಾಲಿಗೆ ಆ ಮೊಸರನ್ನು ಬೆರೆಸಿ ಮಂಚದ ಕೆಳಗಿಟ್ಟಳು. ಮರುದಿನ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಕುಂಬಾರಗಿತ್ತಿ ಬಟ್ಟಲು ಹಿಡಿದುಕೊಂಡು ಅತ್ತಳು. ಮಲಗಿದ್ದವಳೇ ಅವಳನ್ನು ಸಮಾಧಾನಪಡಿಸಿದಳು. “ಬಿಡೇ. ನಿನ್ನ ಮನೇದು ನಿನ್ನ ಮನೇದು. ನನಗೆ ಈ ಮನೇದೇ ಬೇಕು.”

ಅವಳು ಅತ್ತು ಹೋದ ಮೇಲೆ ಹೆಂಡತಿ ಗಂಡನನ್ನು ಕರೆದಳು.

“ರೀ.”

“ಹೇಳು.” ಅವನು ಸೌಟು ಆಡಿಸುತ್ತಿದ್ದ.

“ನಮ್ಮಮ್ಮನ ಮನೇಲಿ ಮೊದಲ ದಿನದ ಮೊಸರು ತಿಂದದ್ದು ನೆನಪಾಗ್ತಿದೆ. ಸಿಹಿ ಇರುತ್ತೆ ರೀ ಅದು.”

“ಮೊಸರು ಹುಳಿ. ಸಿಹಿ ಎಲ್ಲಿಂದ ಬಂತು?”

“ನಿಮಗೆ ಮರೆತೇ ಹೋಗಿದೆ.” ಅವಳು ಸ್ವಲ್ಪ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವನ ಸೌಟು ನಿಂತಿತ್ತು. ಮತ್ತೆ ಆಡತೊಡಗಿತು. “ರೀ, ಅದನ್ನು ಇಳಿಸಿಬಿಡಿ. ಇಳಿಸಿ, ಇಲ್ಲಿ ಬಂದು ನನ್ನ ಹತ್ತಿರ ಸ್ವಲ್ಪ ಕೂತ್ಕೊಳ್ಳಿ.”

“ನಿನಗೋಸ್ಕರವೇ ಕಣೇ ಕುದಿಸ್ತಾ ಇರೋದು. ಈ ಸಲ ತಪ್ಪಾಗೋ ಹಾಗಿಲ್ಲ. ಅವತ್ತಿನ ಹಾಗೆ ಆಗಬಾರದು.”

ಅವತ್ತು ಎಂಬ ಮಾತು ಆ ಮನೆಯಲ್ಲಿ ಮೂವತ್ತು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ. ಹಾಲು ಉಕ್ಕಿ ಬಂತು, ಅವನು ತಗ್ಗಿಸಿದ.

“ಅವತ್ತು ಹಾಲು ಬಿಸಿ ಇತ್ತು ರೀ,” ಎಂದಳು ಅವಳು. “ಆಗಷ್ಟೇ ಒಲೆಯಿಂದ ಎತ್ತಿದ್ದು. ನೀವು ಅವಸರ ಮಾಡಿದಿರಿ. ಮಗು ಹಾಗಿದ್ದಾಗ ಯಾರಾದರೂ ಮಾಡ್ತಿದ್ರು. ಬಿಸಿಗೆ ಒಡೀತು.”

“ಇಲ್ಲ. ಪಾತ್ರೆ ಶುದ್ಧ ಇರಲಿಲ್ಲ.”

“ಪಾತ್ರೆ ತೊಳೆದವಳು ನಾನು.”

ಹಿರಿಯ ಸೌಟನ್ನು ಮಡಕೆಯ ಅಂಚಿಗೆ ಒರಗಿಸಿದ.

“ಮೂರು ಸಲ ತೊಳೆದಿದ್ದೆ,” ಎಂದಳು. “ಬೂದಿಯಲ್ಲಿ ಒಂದು ಸಲ, ಬಿಸಿನೀರಲ್ಲಿ ಎರಡು ಸಲ. ನೀವು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆ.”

ಅವಳ ದನಿಯಲ್ಲಿ ದೂರಿರಲಿಲ್ಲ. ಆದರೆ ಹಿರಿಯನಿಗೆ ಏನೋ ತಿಳಿದಂತಾಯಿತು, ತಿಳಿಯುವುದು ಬೇಡವೆನಿಸಿತು. ನಾನು ಅವಳನ್ನು ಒಂದು ಮಾತೂ ಅಂದಿಲ್ಲ ಎಂದುಕೊಂಡ. ಅದು ನಿಜ. ಅವನು ಅಂದಿರಲಿಲ್ಲ. ಮೂವತ್ತು ವರ್ಷ, ದಿನವಿಡೀ, ಅವಳ ಕಣ್ಣೆದುರು ಆ ಹಾಲು ಅಂದಿತ್ತು. ಇಷ್ಟು ವರ್ಷದ ಬೆಂಕಿ ಸುಳ್ಳಾದರೆ ಅದರ ಬೂದಿಯನ್ನು ಎಲ್ಲಿ ಚೆಲ್ಲುವುದು? ಅವನು ಸೌದೆಯನ್ನು ಒಳಕ್ಕೆ ನೂಕಿದ.

ಮರುದಿನ ಹಗಲು ಇಳಿಯುವ ಹೊತ್ತಿಗೆ ಹೆಪ್ಪಿನವನು ಬಂದ. ಎಡಗೈಯಲ್ಲಿ ದೊನ್ನೆ, ಬಲಗೈ ಶಾಲಿನೊಳಗೆ. ಹೊಸ್ತಿಲಲ್ಲಿ ನಿಂತು ಮಂಚದ ಕಡೆ ನೋಡಿದ, ಒಲೆಯ ಕಡೆ ನೋಡಿದ.

“ಬೆರಳು ಇಡಬಹುದೇ?”

ಹಿರಿಯ ಬಗ್ಗಿ ನೋಡಿದ. ಮಡಕೆಯಲ್ಲಿ ಹಾಲು ಗುಳುಗುಳು ಎನ್ನುತ್ತಿತ್ತು. ಅದರ ಮೇಲೆ ಸಾಸಿವೆಯಷ್ಟು ಕರಿಯ ಮಸಿ ತೇಲುತ್ತಿತ್ತು. ಈಗ, ಇವಳ ಕೊನೆಯ ತುತ್ತಿನ ಹಾಲಿನ ಮೇಲೆ, ಮಸಿ.

“ರೀ, ಇಡಿಸಿ,” ಎಂದಳು ಹೆಂಡತಿ. ದನಿ ಬಹಳ ಸಣ್ಣಗಾಗಿತ್ತು.

“ತಾಳಿ ಅಯ್ಯಾ, ಕೈ ಮುಗಿತೀನಿ. ಒಂದೇ. ಇನ್ನೊಂದೇ ಒಂದು ಕುದಿ.”

ಅವನು ತಿರುಗಿದ. ಒಣಗಿದ ಸೌದೆಯನ್ನೇ ಆರಿಸಬೇಕು, ಹೊಗೆಯಾಗಬಾರದು, ಇವಳು ಕೆಮ್ಮುತ್ತಾಳೆ ಎಂದು ಆರಿಸಿ ಆರಿಸಿ ತೆಗೆದ. ಹಿಂದೆ ಹೆಂಡತಿ ಏನೋ ಪಿಸುಗುಟ್ಟಿದಂತಾಯಿತು. ಯಾರೋ ಉಸಿರನ್ನು ಹಲ್ಲುಗಳ ನಡುವೆ ಎಳೆದುಕೊಂಡ ಸದ್ದಾಯಿತು. ಸೌದೆ ಹಿಡಿದು ತಿರುಗಿದಾಗ ಬಾಗಿಲಲ್ಲಿ ಇಳಿಬಿಸಿಲು ಮಾತ್ರ ಬಿದ್ದಿತ್ತು.

ಹೆಂಡತಿ ಅಳುತ್ತಿದ್ದಳು. “ಹೋದರು,” ಎಂದಳು. ಬೇರೇನೂ ಹೇಳಲಿಲ್ಲ.

ಮಾರನೆಯ ದಿನ ಸೂರ್ಯ ಹುಟ್ಟುವಾಗ ಅವಳ ಉಸಿರು ಬದಲಾಯಿತು. ಹಿರಿಯ ಓಡಿಹೋಗಿ ಮಡಕೆಯೊಳಗೆ ನೋಡಿದ. ಹಾಲು. ಬರೀ ಹಾಲು. ಅದನ್ನೇ ಒಂದು ಚಮಚ ತೆಗೆದುಕೊಂಡು ಬಂದ. ಅವಳ ತುಟಿ ಸುಟ್ಟೀತೆಂದು ಊದಿದ. ಆ ಮನೆಯಲ್ಲಿ ಹಾಲನ್ನು ಯಾರಾದರೂ ಆರಿಸಲು ಹೊರಟದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಒಂದು ಸಲ ಊದಿದ, ಎರಡು ಸಲ ಊದಿದ. ಮೂರನೆಯ ಸಲ ಊದುವಾಗ ಅವಳು ಇರಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಊರವರು ಬಟ್ಟಲು ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯನ ಮನೆಯ ಒಲೆಯೇ ಊರಿಗೆಲ್ಲ ಮಾದರಿ. ಆ ಮನೆಯ ಹೆಣ್ಣಿಗೆ ತುತ್ತು ಸಿಕ್ಕಿರದೆ ಇರುತ್ತದೆಯೇ? ಯಾರೋ ಬಟ್ಟಲನ್ನು ಅಂಗಾತ ಇಡಲು ಬಗ್ಗಿದರು. ಹಿರಿಯ ಮುಂದೆ ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡ. ತಾನೇ ಮಂಡಿಯೂರಿ ಬೋರಲು ಹಾಕಿದ. “ಇರುವುದು ಇರುವ ಹಾಗೆ ಕಾಣಬೇಕು,” ಎಂದ. ಗುಂಪಿನ ಹಿಂದೆ ನಿಂತಿದ್ದ ನೇಕಾರಗಿತ್ತಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಪುಟ್ಟ ದಿಬ್ಬದ ಪಕ್ಕದಲ್ಲಿ ದೊಡ್ಡ ದಿಬ್ಬ, ಪುಟ್ಟ ಬಟ್ಟಲಿನ ಪಕ್ಕದಲ್ಲಿ ದೊಡ್ಡ ಬಟ್ಟಲು. ಎರಡೂ ನೆಲ ನೋಡುತ್ತಿದ್ದವು.

ಎರಡು ದಿನ ಅವನು ಏನು ಮಾಡಿದನೆಂದು ಅವನಿಗೇ ನೆನಪಿಲ್ಲ. ಮೂರನೆಯ ದಿನ ಹಸು ಕೂಗಿತು. ಹಿರಿಯ ಎದ್ದು ಹಾಲು ಕರೆದ. ಬೇರೆ ಏನು ಮಾಡಬೇಕೆಂದು ತಿಳಿಯದೆ ಮಡಕೆಯನ್ನು ಒಲೆಯ ಮೇಲಿಟ್ಟ, ಕೆಂಡ ಊದಿದ. ಮಡಕೆಯನ್ನು ತೊಳೆದಿದ್ದನೋ ಇಲ್ಲವೋ, ಅದೂ ನೆನಪಿಲ್ಲ. ಹಾಲು ಕಾಯಿತು. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು. ಹಾಲು ಉಬ್ಬಿತು, ಏರಿತು, ಬಾಯಿಗೆ ಬಂತು. ಅವನ ಕೈ ಸೌಟಿಗೆ ಹೋಯಿತು.

ಆಗ ನಡುಮನೆಯ ಬಾಗಿಲ ಬಳಿ ಅವಳು ಕೆಮ್ಮಿದಳು.

ಹಿರಿಯ ಬರಿಗೈಯಲ್ಲೇ ಮಡಕೆಯನ್ನು ಹಿಡಿದು ಇಳಿಸಿದ. “ಬಂದೆ ಕಣೇ,” ಎಂದ. ಕೈಗೆ ಸಿಕ್ಕ ಬಟ್ಟೆಯನ್ನು ಮಡಕೆಯ ಬಾಯಿಗೆಸೆದು ಎದ್ದು ಓಡಿದ.

ಮಂಚ ಖಾಲಿಯಿತ್ತು.

ಅವನು ಮಂಚದ ಮೇಲೆ ಕುಳಿತ. ಅವಳು ಕೂತ್ಕೊಳ್ಳಿ ಎಂದಿದ್ದ ಕಡೆಯಲ್ಲೇ, ಅವಳ ತಲೆಯ ಹತ್ತಿರ. ಅಲ್ಲಿಂದ ಒಲೆ ಕಾಣುತ್ತಿತ್ತು. ಒಲೆಯ ಮುಂದೆ ಯಾರೂ ಇಲ್ಲದ ಜಾಗ ಕಾಣುತ್ತಿತ್ತು. ಮೂವತ್ತು ವರ್ಷ ಅವಳು ನೋಡಿದ್ದು ಇದನ್ನು, ಅಲ್ಲಿ ಒಂದು ಬೆನ್ನಿತ್ತು ಅಷ್ಟೇ ವ್ಯತ್ಯಾಸ ಎಂದುಕೊಂಡ. ಮೂರು ಸಲ ತೊಳೆದಿದ್ದಳು. ಬೂದಿಯಲ್ಲಿ ಒಂದು ಸಲ. ಬಿಸಿನೀರಲ್ಲಿ ಎರಡು ಸಲ. ಅವನು ಅದನ್ನು ಬಾಯಿಬಿಟ್ಟು ಹೇಳಿಕೊಂಡ. ಹೇಳುತ್ತ ಹೇಳುತ್ತ ಅವನೊಳಗೆ ಏನೋ ಕುಸಿಯಿತು. ದೊಡ್ಡ ದನಿಯಲ್ಲಿ ಅತ್ತ. ಆಮೇಲೆ ದನಿಯಿಲ್ಲದೆ ಅತ್ತ. ಆಮೇಲೆ ಸುಮ್ಮನೆ ಕುಳಿತ. ಪ್ರಾರ್ಥಿಸಬೇಕೆಂದುಕೊಂಡರೆ ಕಲಿತ ಪ್ರಾರ್ಥನೆ ಒಂದೂ ಬಾಯಿಗೆ ಬರಲಿಲ್ಲ. ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು, ನೆಲದಿಂದ ಹೊಸ್ತಿಲಿಗೆ ಸರಿಯಿತು. ಒಲೆಯಲ್ಲಿ ಕೆಂಡ ಕಂದಿ ಬೂದಿಯಾಯಿತು. ಅವನು ಏಳಲಿಲ್ಲ.

ಹೊಸ್ತಿಲ ಬಿಸಿಲಿನ ಮೇಲೆ ಒಂದು ನೆರಳು ಬಿತ್ತು.

“ಬೆರಳು ಇಡಬಹುದೇ?”

ಹಿರಿಯ ತಲೆ ಎತ್ತಿ ನೋಡಿದ. ತಾಳಿ ಎನ್ನುವ ಶಕ್ತಿ ಅವನಲ್ಲಿರಲಿಲ್ಲ.

“ಗೊತ್ತಿಲ್ಲ ಅಯ್ಯಾ. ನಾನು ನೋಡಿಲ್ಲ. ಒಂದೇ ಕುದಿ ಬಂದದ್ದು. ಮಡಕೆ ತೊಳೆದೆನೋ ಇಲ್ಲವೋ. ಮೇಲೆ ಮುಚ್ಚಿರುವುದು ಕೈ ಒರೆಸುವ ಬಟ್ಟೆ. ಇದನ್ನು ನಾನು ಯಾರ ಮನೆಯಲ್ಲೂ ಒಪ್ಪುತ್ತಿರಲಿಲ್ಲ.”

“ನಾನು ಕೇಳಿದ್ದು ಅದಲ್ಲ,” ಎಂದ ಹೆಪ್ಪಿನವನು.

ಬಹಳ ಹೊತ್ತಾದ ಮೇಲೆ ಹಿರಿಯ ಹೇಳಿದ: “ಇಡಿ.”

ಹೆಪ್ಪಿನವನು ಒಳಗೆ ಬಂದು ಆರಿದ ಒಲೆಯ ಮುಂದೆ ಕುಳಿತ. ಬಟ್ಟೆ ಸರಿಸಿದ. ಶಾಲಿನಿಂದ ಬಲಗೈಯನ್ನು ಹೊರಗೆ ತೆಗೆದ. ಹಿರಿಯ ಆ ಕೈಯನ್ನು ನೋಡುತ್ತಿದ್ದದ್ದು ಅದೇ ಮೊದಲು. ತೋರುಬೆರಳು ಸುಟ್ಟಿತ್ತು. ಸುಟ್ಟ ಮೇಲೆ ಮಾಗಿ, ಮಾಗಿದ್ದರ ಮೇಲೆ ಮತ್ತೆ ಸುಟ್ಟು, ಮತ್ತೆ ಮಾಗಿ, ಮರದ ತೊಗಟೆಯ ಹಾಗೆ ಪದರ ಪದರವಾಗಿತ್ತು. ತುದಿಯಲ್ಲಿ ಹೊಸ ಬೊಬ್ಬೆಯೊಂದು ಒಡೆದು ಹಸಿಯಾಗಿತ್ತು. ನಾಲ್ಕೈದು ದಿನದ್ದು.

“ಇದು... ಯಾವ ಮನೆಯಲ್ಲಿ?”

“ಈ ಮನೆಯಲ್ಲಿ.”

“ನಾನು ಇಡಿ ಅಂದಿರಲಿಲ್ಲ.”

“ನೀನು ಅಂದಿರಲಿಲ್ಲ. ನಿನ್ನ ಬೆನ್ನ ಹಿಂದಿನಿಂದ ಒಬ್ಬಳು ಅನ್ನುತ್ತಿದ್ದಳು. ಪ್ರತಿ ಸಲವೂ. ನೀನು ಸೌದೆ ಆರಿಸುತ್ತಿದ್ದೆ.”

ಹೆಪ್ಪಿನವನು ಬೆರಳನ್ನು ದೊನ್ನೆಗೆ ತಾಕಿಸಿ, ಹಾಲಿನ ಕೆನೆಯನ್ನು ಮೆಲ್ಲಗೆ ಸರಿಸಿ, ಒಳಗಿಟ್ಟ. ಇಟ್ಟು ಬಿಟ್ಟ. ಅವನ ಮುಖ ಸಡಿಲವಾಯಿತು, ಬಿಸಿಲಲ್ಲಿ ನಡೆದು ಬಂದವನು ನೀರಿಗೆ ಕಾಲಿಟ್ಟ ಹಾಗೆ.

“ಅವಳು ತುತ್ತಿಲ್ಲದೆ ಹೋದಳು,” ಎಂದ ಹಿರಿಯ. “ಮಗಳೂ ಹಾಗೇ ಹೋದಳು. ಅವರು ಏನಾದರು?”

“ಅದು ನನಗೂ ಅವರಿಗೂ ಸೇರಿದ್ದು. ಬಟ್ಟಲು ನೀವು ಇಟ್ಟದ್ದು, ನಾನು ಇಟ್ಟದ್ದಲ್ಲ.” ಅವನು ಬೆರಳು ತೆಗೆದು, ಅದೇ ಬಟ್ಟೆಯನ್ನು ಮತ್ತೆ ಮುಚ್ಚಿದ. “ಇನ್ನು ಇದನ್ನು ಅಲ್ಲಾಡಿಸಬೇಡ.”

ಎದ್ದು ಹೋದ. ಹಿರಿಯ ಮಂಚದ ಮೇಲೆಯೇ ಮಲಗಿದ. ಅಲ್ಲಾಡಿಸಲಿಲ್ಲ.

ಬೆಳಗಾಯಿತು. ಬಟ್ಟೆ ತೆಗೆದು ಮಡಕೆಯನ್ನು ಸ್ವಲ್ಪ ಓರೆ ಮಾಡಿದ. ಮೊಸರು ಜಾರಲಿಲ್ಲ. ನಡುವೆ ಒಂದು ಬೆರಳಿನ ಗುರುತು ಕುಳಿಯಾಗಿ ಉಳಿದಿತ್ತು.

ಅವನು ಮಡಕೆಯನ್ನು ಎದೆಗೊತ್ತಿಕೊಂಡು, ಒಂದು ಚಮಚ ಹಿಡಿದು ಸಮಾಧಿಗಳ ಕಡೆ ನಡೆದ. ಅಂಗಳ ಗುಡಿಸುತ್ತಿದ್ದ ಕುಂಬಾರಗಿತ್ತಿ ಪೊರಕೆ ಬಿಟ್ಟು ಹಿಂದೆಯೇ ಬಂದಳು. ಅವನು ಮೊದಲು ತನ್ನವರ ದಿಬ್ಬಗಳ ಬಳಿಗೆ ಹೋಗಲಿಲ್ಲ. ಬೇಲಿಯ ಪಕ್ಕದಲ್ಲಿ ನೇಕಾರಗಿತ್ತಿಯ ಮಗನ ದಿಬ್ಬವಿತ್ತು. ಅಲ್ಲಿ ಮಂಡಿಯೂರಿ, ಬೋರಲು ಬಟ್ಟಲನ್ನು ಅಂಗಾತ ಮಾಡಿದ. ಒಳಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಒಂದು ಚಮಚ ಮೊಸರು ಹಾಕಿದ.

“ಹಿರೇರೇ,” ಎಂದಳು ಕುಂಬಾರಗಿತ್ತಿ ಮೆಲ್ಲಗೆ. “ಸತ್ತವರಿಗೆ ಕೊಡೋದು ನಿಯಮದಲ್ಲಿ ಇದೆಯಾ?”

“ಇಲ್ಲ.”

“ಒಂದು ಮನೇದು ಇನ್ನೊಂದು ಮನೆಗೆ ಹಿಡಿಯೋದಿಲ್ಲ.”

“ಗೊತ್ತಮ್ಮ. ಹಿಡಿಯಲಿ ಅಂತ ಅಲ್ಲ.” ಅವನು ಬಟ್ಟಲಿನ ಅಂಚನ್ನೂ ಒರೆಸಿದ. “ಅವಳ ಕೈಯಿಂದಲೇ ಹಾಕಿಸಿದ್ದೆ. ಆ ತಾಯಿಯ ಕೈಯಿಂದಲೇ.”

ಆಮೇಲೆ ಪುಟ್ಟ ಬಟ್ಟಲನ್ನು ತಿರುಗಿಸಿದ. ಮೂವತ್ತು ವರ್ಷ ನೆಲ ಕಚ್ಚಿದ್ದ ಬಟ್ಟಲು ಬೇಗ ಬಿಡಲಿಲ್ಲ. ಅದರಡಿ ಬಿಳಿಚಿಕೊಂಡ ಹುಲ್ಲಿನ ಬೇರುಗಳಿದ್ದವು. ಒಂದು ಚಮಚ ಹಾಕಿದ. ದೊಡ್ಡ ಬಟ್ಟಲನ್ನು ತಿರುಗಿಸಿದ. ಅದರ ಮಣ್ಣು ಇನ್ನೂ ಹಸಿಯಾಗಿತ್ತು. ಒಂದು ಚಮಚ ಹಾಕಿದ.

“ನೀವೂ ತಿನ್ನಿ ಹಿರೇರೇ,” ಎಂದಳು ಕುಂಬಾರಗಿತ್ತಿ. “ಮನೆಯವರು ಒಬ್ಬರಾದರೂ ತಿನ್ನಬೇಕು.”

ಅವನು ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ದಿಬ್ಬಕ್ಕೆ ಮೈ ತಾಗಿಸಿ ಕುಳಿತು, ಒಂದು ಚಮಚ ಬಾಯಿಗಿಟ್ಟ. ಹುಳಿಗೆಂದು ಹಲ್ಲು ಬಿಗಿಹಿಡಿದಿದ್ದ.

ಹುಳಿಯಿರಲಿಲ್ಲ. ಸಿಹಿಯಾಗಿತ್ತು.

“ಹೌದು ಕಣೇ,” ಎನ್ನಲು ಅವನು ಪಕ್ಕಕ್ಕೆ ತಿರುಗಿದ.